ಯುದ್ಧಕ್ಕೆ ಹೊರಟು ಆಲೂಗಡ್ಡೆ ಹೊಲಕ್ಕಿಳಿದ ಕಣ್ಣು

ಮೊದಲು ಮಳೆಯ ವಿಷಯ ಇತ್ಯರ್ಥವಾಗಬೇಕು. ಆ ದಿನ ಎಸ್ಟೋನಿಯಾದ ಆ ಬಯಲಿನಲ್ಲಿ ಬಿದ್ದದ್ದು ಮಳೆ ಎಂದು ನಾನು ಹೇಳುತ್ತೇನೆ. ನನ್ನ ನಾದಿನಿ ಕುಸುಮ ಅದು ಬರೀ ಸೋನೆ ಎನ್ನುತ್ತಾಳೆ. ನಮ್ಮನ್ನು ಕರೆಸಿಕೊಂಡಿದ್ದ ಮಾರೆಟ್ ಎಂಬ ಎಂಜಿನಿಯರಮ್ಮನ ಪ್ರಕಾರ ಆ ದಿನ ಹವೆ ಚೆನ್ನಾಗಿಯೇ ಇತ್ತು. ಮೂವರೂ ಒಂದೇ ಕಡೆ ಮುಖ ಮಾಡಿ, ಒಂದೇ ಆಕಾಶದ ಕೆಳಗೆ ನಿಂತಿದ್ದೆವು. ಆದ್ದರಿಂದ ಮುಂದೆ ನಾನು ಎಲ್ಲಿಯಾದರೂ ‘ಚೆನ್ನಾಗಿ ನೆನಪಿದೆ’ ಎಂದು ಬರೆದಿದ್ದರೆ ಓದುಗರು ಅಲ್ಲಿ ಸ್ವಲ್ಪ ಹುಷಾರಾಗಿರಬೇಕು.

ಹೋದದ್ದು ಯಾಕೆ ಎನ್ನುವುದರಲ್ಲಿ ಮಾತ್ರ ತಕರಾರಿಲ್ಲ. ಕುಸುಮ ಚನ್ನರಾಯಪಟ್ಟಣದಲ್ಲಿ ಡ್ರೋನ್ ಕಟ್ಟುತ್ತಾಳೆ. ತೆಂಗಿಗೆ ಬೀಳುವ ಕಪ್ಪು ತಲೆ ಹುಳು ಗರಿಯ ಅಡಿಯಲ್ಲಿ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ಮೇಲಿಂದ ಔಷಧಿ ಹೊಡೆದರೆ ಗರಿಯೇ ಅದಕ್ಕೆ ಕೊಡೆ. ಅದಕ್ಕೆ ಕುಸುಮಳ ಡ್ರೋನ್ ಗರಿಗಳ ಕೆಳಗೆ ಮರದಿಂದ ಮರಕ್ಕೆ ಹಾರಿ, ಕೆಳಗಿನಿಂದ ಮೇಲಕ್ಕೆ ಔಷಧಿ ಹೊಡೆಯುತ್ತದೆ. ಗರಿಯ ಕೆಳಗೆ ಉಪಗ್ರಹದ ಸಿಗ್ನಲ್ ನೆಟ್ಟಗೆ ಸಿಗುವುದಿಲ್ಲ. ಹಾಗಾಗಿ ಅಂಗೈಯಗಲದ ಒಂದು ಪೆಟ್ಟಿಗೆ ಮಾಡಿದ್ದಾಳೆ. ಮುಂದೆ ಒಂದು ಕ್ಯಾಮೆರಾ, ಹಿಂದೆ ಒಂದು ಪುಟ್ಟ ಕಂಪ್ಯೂಟರ್. ಹೋಗುವಾಗ ನೆಲ, ಬದು, ಕಾಂಡಗಳನ್ನು ನೋಡಿಕೊಂಡು ಹೋಗಿ ಅದೇ ಗುರುತಿನ ಮೇಲೆ ವಾಪಸು ಬರುತ್ತದೆ. ಮನೆಯಲ್ಲಿ ಅದನ್ನು ‘ಕಣ್ಣು’ ಎಂದೇ ಕರೆಯುತ್ತೇವೆ.

ಈಗಿನ ಯುದ್ಧಗಳಲ್ಲಿ ಎಲ್ಲಕ್ಕಿಂತ ಮುಂಚೆ ಸಾಯುವುದು ಸಿಗ್ನಲ್ ಅಂತೆ. ಎದುರಾಳಿ ಅದನ್ನು ಕೆಡಿಸಿದರೆ ಎಂಥ ಡ್ರೋನ್ ಆದರೂ ಜಾತ್ರೆಯಲ್ಲಿ ಕೈಬಿಟ್ಟುಹೋದ ಮಗು. ಹೀಗಾಗಿ ನಮ್ಮ ತೋಟದ ನೆರಳಿನ ತೊಂದರೆಯೂ ಅವರ ರಣರಂಗದ ತೊಂದರೆಯೂ ಒಂದೇ ಆಗಿಬಿಟ್ಟಿತು. ಕುಸುಮ ಇಂಟರ್ನೆಟ್ಟಿಗೆ ಹಾಕಿದ್ದ ವಿಡಿಯೋ ನೋಡಿ ಎಸ್ಟೋನಿಯಾದ ಕಂಪನಿಯೊಂದು ಕರೆಯಿತು. ಆ ವಿಡಿಯೋದಲ್ಲಿ ನನ್ನ ಅತ್ತೆ ಕೋಳಿಗೆ ಬೈಯುವುದೂ ಕೇಳುತ್ತದೆ. ಅದಕ್ಕೂ ಅವರು ಅರ್ಥ ಹುಡುಕಿರಬಹುದು.

ಒಂದೇ ಒಂದು ಹಾರಾಟ ತೋರಿಸಬೇಕು. ಗೆದ್ದರೆ ಕಂಪನಿ ಕಣ್ಣನ್ನು ಕೊಳ್ಳುತ್ತದೆ. ಕರಾರಿನಲ್ಲಿ ಒಂದು ಸಾಲು ಮಾತ್ರ ಮುಳ್ಳು: ಸಹಿ ಆದ ಮೇಲೆ ಅವರ ಅನುಮತಿ ಇಲ್ಲದೆ ಕಣ್ಣನ್ನು ಬೇರೆ ಯಾವುದಕ್ಕೂ ಜೋಡಿಸುವಂತಿಲ್ಲ, ತೆಂಗಿನ ತೋಟದ ಡ್ರೋನಿಗೂ. ಮಾವನವರ ತೋಟವೂ ಸೇರಿದಂತೆ ಸುತ್ತಲಿನವರೆಲ್ಲ ಬರುವ ಬೇಸಿಗೆಗೆ ಅದನ್ನೇ ನಂಬಿ ಕೂತಿದ್ದರು.

“ಅಳಿಯಂದ್ರೇ, ಅವಳೊಬ್ಳೇ ಅಲ್ಲಿಗೋದ್ರೆ ಸೈನ್ ಆಕ್ಬುಟ್ಟು ಬತ್ತಾಳೆ. ಹೊಗಳುದ್ರೆ ಕರಗೋಯ್ತಾಳೆ. ನೀವೂ ಓಗಿ” ಎಂದರು ಅತ್ತೆ.

ನಾನು ಹೊಳೆನರಸೀಪುರದವನು, ಹಾಸನದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ರಕ್ಷಣಾ ತಂತ್ರಜ್ಞಾನದ ಬಗ್ಗೆ ನನಗಿದ್ದ ತಿಳಿವಳಿಕೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕುವಷ್ಟು.

ಬೆಂಗಳೂರು ವಿಮಾನ ನಿಲ್ದಾಣ

ಕಣ್ಣಿನ ಕಾಗದಪತ್ರಗಳ ಒಂದು ಕಟ್ಟೇ ನಮ್ಮ ಹತ್ತಿರ ಇತ್ತು. ಅದನ್ನು ತಿರುವಿ ನೋಡಿ ಬಿಟ್ಟರು. ಹಿಡಿದು ನಿಲ್ಲಿಸಿದ್ದು ಬೇರೆಯದನ್ನು.

“ಮೇಡಂ, ಬ್ಯಾಗಲ್ಲಿ ಕೊಬ್ಬರಿ ಇದ್ಯಾ?”

“ಇದೆ ಸಾರ್. ನಮ್ಮ ತ್ವಾಟದ್ದೇ.”

“ಅದು ಹೋಗಂಗಿಲ್ಲ. ಎಣ್ಣೆ ಅಂಶ ಜಾಸ್ತಿ. ಬೆಂಕಿ ಹತ್ಕೊಳ್ಳುತ್ತೆ.”

“ಮತ್ತೆ ಇದು?” ಕುಸುಮ ಕಣ್ಣನ್ನು ಎತ್ತಿ ತೋರಿಸಿದಳು. “ಇದ್ನ ಮಿಲಿಟ್ರಿಯೋರಿಗೆ ತೋರ್ಸಕ್ಕೆ ಒಯ್ತಿದೀವಿ.”

“ಅದಕ್ಕೆ ಪೇಪರ್ ಇದೆಯಲ್ಲ ಮೇಡಂ. ಕೊಬ್ಬರಿಗೆ ಎಲ್ಲಿದೆ?”

ಅತ್ತೆ ಆರಿಸಿ ಆರಿಸಿ ಕೊಟ್ಟಿದ್ದ ಕೊಬ್ಬರಿ ಗಿಟುಕುಗಳು ದೇಶದ ಭದ್ರತೆಗಾಗಿ ಅಲ್ಲೇ ಉಳಿದವು. ಅವುಗಳ ಪಕ್ಕದಲ್ಲಿದ್ದ ಕುಂಕುಮದ ಡಬ್ಬಿ ಮಾತ್ರ ಯಾರ ಗಮನಕ್ಕೂ ಬಾರದೆ ದಾಟಿಕೊಂಡಿತು.

ತಾಲ್ಲಿನ್

ಇದು ರಾಜಧಾನಿ. ಇಲ್ಲಿನ ಜನ ಒಳ್ಳೆಯವರು, ಆದರೆ ಅದನ್ನು ಬಾಯಿಬಿಟ್ಟು ಹೇಳುವವರಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಹಸು ಕಟ್ಟುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ನಾನು ಹಾಸನದ ಅಭ್ಯಾಸದಂತೆ ಆ ಜಾಗದಲ್ಲಿ ಹೋಗಿ ನಿಂತೆ. ಎಡಗಡೆಯವರು ಎಡಕ್ಕೆ ಸರಿದರು, ಬಲಗಡೆಯವರು ಬಲಕ್ಕೆ. ಬಸ್ಸು ಬಂದಾಗ ನಾನೊಬ್ಬನೇ ಒಂದು ದ್ವೀಪ.

“ಬಾವ, ಅವ್ರ ಮೈಮ್ಯಾಲೆ ಬೀಳ್ಬ್ಯಾಡಿ. ಇದು ಹಾಸನ್ ಬಸ್‌ಸ್ಟ್ಯಾಂಡ್ ಅಲ್ಲ” ಎಂದು ಕುಸುಮ ಪಿಸುಗುಟ್ಟಿದಳು. ಪಿಸುಮಾತಿಗೂ ನಾಲ್ಕು ಜನ ತಿರುಗಿ ನೋಡಿದರು.

ಅಲ್ಲಿ ರಕ್ಷಣಾ ಸಾಮಗ್ರಿಯ ಒಂದು ಪ್ರದರ್ಶನ ನಡೆದಿತ್ತು. ಮಾರೆಟ್ ನಮ್ಮನ್ನು ಅದಕ್ಕೆ ಕರೆದೊಯ್ದಳು. ಉದ್ದನೆಯ, ಬಿಳುಪಾದ ಹೆಂಗಸು. ಒಂದು ವಾಕ್ಯ ಮುಗಿಸಿದ ಮೇಲೆ ಅದನ್ನು ಮಡಿಸಿ ಒಳಗಿಟ್ಟು ಆಮೇಲೆ ಇನ್ನೊಂದನ್ನು ತೆಗೆಯುವವಳಂತೆ ಮಾತಾಡುತ್ತಿದ್ದಳು. ಕಾಲಿನಲ್ಲಿ ನಡೆಯುವ ಯಂತ್ರಗಳು, ತಾವೇ ಗುರಿ ಆರಿಸಿಕೊಳ್ಳುವ ಯಂತ್ರಗಳು, ಮತ್ತು ಪ್ರತಿ ಯಂತ್ರದ ಪಕ್ಕ ಒಂದು ಬಟ್ಟಲು ಚಾಕಲೇಟು. ನಮ್ಮಲ್ಲಿ ಚಿನ್ನದಂಗಡಿಯವರು ತಂಪು ಪಾನೀಯ ಕೊಡುವ ಹಾಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇವಲ್ಲ. ಒಂದು ಡ್ರೋನ್ ತನ್ನ ಹಿಂದೆ ಕೂದಲಿನಷ್ಟು ತೆಳುವಾದ ದಾರ ಬಿಚ್ಚಿಕೊಂಡು ಹಾರುತ್ತದೆ, ಅದಕ್ಕೆ ಅಪ್ಪಣೆ ಹೋಗುವುದು ಆ ದಾರದಲ್ಲೇ. ಸಿಗ್ನಲ್ ಕೆಡಿಸಬಹುದು, ದಾರವನ್ನು ಹೇಗೆ ಕೆಡಿಸುತ್ತೀರಿ? ಪಕ್ಕದಲ್ಲೇ ಡ್ರೋನ್ ಹಿಡಿಯಲು ಒಂದು ಬಲೆ. ರಸ್ತೆಯುದ್ದಕ್ಕೂ ಮೀನಿನ ಬಲೆಯನ್ನು ಚಪ್ಪರದಂತೆ ಕಟ್ಟಿರುವ ಚಿತ್ರ.

“ಬಾವ, ಗೊರೂರು ಡ್ಯಾಮಿನ ಬಲೆ ನೋಡಿ. ಮೀನ್ ಒಂದಿಲ್ಲ ಅಷ್ಟೇ.”

“ಇದು ಹೊಸದಾ, ಹಳೇದಾ?” ಎಂದು ಮಾರೆಟ್‌ಳನ್ನು ಕೇಳಿದೆ.

ಅವಳು ಯೋಚಿಸಿದಳು. ಇಲ್ಲಿ ಉತ್ತರ ಬರುವ ಹೊತ್ತಿಗೆ ನಮ್ಮ ಕಡೆ ಕಾಫಿ ಮುಗಿದಿರುತ್ತದೆ. “ತುಂಬ ಹೊಸದಾದದ್ದು ಕೆಟ್ಟುಹೋದಾಗ ಮತ್ತೆ ಕೈಗೆ ಬರುವುದು” ಎಂದಳು.

ಪೂರ್ವದ ಒಂದು ಊರು

ಪರೀಕ್ಷೆ ನಡೆಯಬೇಕಾದದ್ದು ದೇಶದ ಪೂರ್ವಕ್ಕೆ, ಗಡಿಯ ಕಡೆ. ಅಲ್ಲಿ ತಲುಪಿದ ಸಂಜೆ ನಾನು ತಿರುಗಾಡಿ ಬರುತ್ತೇನೆಂದು ಹೊರಟು ದಾರಿ ತಪ್ಪಿದೆ. ಫೋನಿನ ನಕ್ಷೆ ತೆಗೆದರೆ ನಾನು ದೊಡ್ಡದೊಂದು ಕೆರೆಯ ನಟ್ಟನಡುವೆ ಇದ್ದೆ. ಕಾಲು ನೋಡಿಕೊಂಡೆ, ಒಣಗಿತ್ತು. ಸ್ವಲ್ಪ ಮುಂದೆ ನಡೆದೆ. ಕೆರೆಯಲ್ಲೇ ಇನ್ನೂ ಒಳಕ್ಕೆ ಹೋಗಿದ್ದೆ.

ಒಬ್ಬ ಮುದುಕನನ್ನು ಹೋಟೆಲಿನ ಹೆಸರು ಹೇಳಿ ಕೇಳಿದೆ. ಅವನು ನನ್ನನ್ನು ಉದ್ದಕ್ಕೆ ನೋಡಿ, ಒಂದು ಕಡೆ ಕೈ ತೋರಿಸಿ ಹೊರಟುಹೋದ. ಅಷ್ಟೇ. ಹೊಳೆನರಸೀಪುರದಲ್ಲಿ ದಾರಿ ಕೇಳಿದ್ದರೆ ಮೂರು ಜನ ಮೂರು ದಿಕ್ಕು ತೋರಿಸಿ, ತಮ್ಮತಮ್ಮಲ್ಲೇ ಜಗಳವಾಡಿ, ಕೊನೆಗೆ ಒಬ್ಬ ಜೊತೆಗೇ ಬಂದು, ನಮ್ಮದು ಯಾವ ಊರು, ಯಾರ ಪೈಕಿ ಎಂದೆಲ್ಲ ವಿಚಾರಿಸಿ ಬಿಟ್ಟು ಹೋಗುತ್ತಿದ್ದ. ಮುದುಕ ತೋರಿಸಿದ ಕಡೆ ನಡೆದೆ. ಹೋಟೆಲು ಅಲ್ಲೇ ಇತ್ತು. ಇದರಿಂದ ನನಗೆ ಸ್ವಲ್ಪ ಬೇಜಾರೇ ಆಯಿತು.

“ಗಡಿಯಾಚೆಯಿಂದ ಸಿಗ್ನಲ್ ಕೆಡಿಸ್ತಾರೆ ಅಂತಾರೆ ಬಾವ. ಇಲ್ಲಿಯೋರು ಆಗಾಗ ಕೆರೇಲಿ ಇರ್ತಾರಂತೆ” ಎಂದಳು ಬಾಗಿಲಲ್ಲೇ ಕಾಯುತ್ತಿದ್ದ ಕುಸುಮ.

ರಾತ್ರಿ ಊಟಕ್ಕೆ ಮುಂಚೆ ಸೌನಾ. ಕಾದ ಕಲ್ಲಿನ ಮೇಲೆ ನೀರು ಸುರಿದು, ಆ ಹಬೆಯಲ್ಲಿ ಬೆತ್ತಲೆ ಕೂತು, ಎಲೆಯ ಕಟ್ಟಿನಿಂದ ಮೈಗೆ ಬಡಿದುಕೊಳ್ಳುವ ಸ್ನಾನ. ಇಲ್ಲಿ ಮುಖ್ಯವಾದ ಮಾತುಗಳೆಲ್ಲ ಅಲ್ಲೇ ಆಗುತ್ತವಂತೆ. ಗಂಡಸರ ಕೋಣೆಯಲ್ಲಿ ನನ್ನ ಪಕ್ಕ ಸೈನ್ಯದ ಇಬ್ಬರು ಅಧಿಕಾರಿಗಳಿದ್ದರು. ನಾನು ಎದೆಯವರೆಗೆ ಟವೆಲ್ ಸುತ್ತಿಕೊಂಡು, ಅಜ್ಜಿ ದೀಪಾವಳಿಯ ಬೆಳಿಗ್ಗೆ ಎಣ್ಣೆ ಹಚ್ಚಿ ಹಂಡೆಯ ಮುಂದೆ ಕೂರಿಸುತ್ತಿದ್ದುದನ್ನು ನೆನೆಯುತ್ತಾ ಕೂತೆ. ಯಾರೂ ಮಾತಾಡಲಿಲ್ಲ. ಒಬ್ಬ ಮಾತ್ರ ಎಲೆಯ ಕಟ್ಟನ್ನು ನನಗೆ ಕೊಟ್ಟ. ಮರ್ಯಾದೆಗೆ ಎರಡು ಸಲ ಬಡಿದುಕೊಂಡೆ.

ಮುಖ್ಯವಾದ ಮಾತು ಹೆಂಗಸರ ಕೋಣೆಯಲ್ಲಿ ನಡೆದಿತ್ತು. ಅಲ್ಲಿ ನಾನಿರಲಿಲ್ಲ, ಇರುವಂತೆಯೂ ಇರಲಿಲ್ಲ. ಕೆಂಪಾಗಿ ಹೊರಬಂದ ಕುಸುಮಳನ್ನು ಏನಂದಳು ಎಂದು ಕೇಳಿದೆ.

“ಮಾರೆಟ್ ಅಜ್ಜಿ ಮನೆ ಗಡಿ ಪಕ್ಕಾನೇ ಅಂತೆ. ಊರು ಬಿಟ್ ಬಾ ಅಂದ್ರೆ ಬರಲ್ವಂತೆ. ‘ಅತ್ತಲಿಂದ ಏನಾರ ಬಂದ್ರೆ ನಿಮ್ಮ ಕಣ್ಣು ಮೊದ್ಲು ಅಜ್ಜಿ ಊರ ಮ್ಯಾಲೆ ಆರ್ಬೇಕು’ ಅಂದ್ಲು ಬಾವ.” ಕುಸುಮ ಕೂದಲು ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. “ಅವ್ಳು ಚೌಕಾಸಿ ಮಾಡಿದ್ರೆ ಚೆನ್ನಾಗಿರ್ತಿತ್ತು.”

ಪರೀಕ್ಷೆಯ ಬಯಲು

ಇಲ್ಲಿ ಮಳೆ ಬರುತ್ತದೆ. ಅದಕ್ಕೂ ಮುಂಚೆ ಪೂಜೆ.

ಯಾವುದೇ ಯಂತ್ರ ಮೊದಲ ಸಲ ಮೇಲೇಳುವಾಗ ಕುಸುಮ ಅದಕ್ಕೆ ಕುಂಕುಮ ಇಡುತ್ತಾಳೆ. ನಮ್ಮಲ್ಲಿ ಹೊಸ ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ಇಡುವುದಿಲ್ಲವೇ, ಹಾಗೆ. ಕಂಪನಿಯವರ ಡ್ರೋನಿಗೆ ಕಣ್ಣನ್ನು ಜೋಡಿಸಿ ಆಗಿತ್ತು. ಅತ್ತೆ ವಿಡಿಯೋ ಕರೆಯಲ್ಲಿದ್ದರು.

“ಹಣೆಗಿಡವ್ವ. ಬೆನ್ನಿಗಿಟ್ರೆ ಯಾವ ದ್ಯಾವ್ರು ನೋಡ್ತದೆ?”

ಡ್ರೋನಿನ ಹಣೆ ಯಾವುದು? ಕ್ಯಾಮೆರಾದ ಗಾಜು ಕಣ್ಣಾದರೆ ಅದರ ಮೇಲಿನದು ಹಣೆ. ಕುಸುಮ ಅಲ್ಲಿ ಧಾರಾಳವಾಗಿಯೇ ಇಟ್ಟಳು. ನಿಂಬೆಹಣ್ಣು ಇರಲಿಲ್ಲವಾಗಿ ಟೀ ಜೊತೆ ಕೊಟ್ಟಿದ್ದ ನಿಂಬೆ ಹೋಳುಗಳನ್ನು ಕಾಲುಗಳ ಕೆಳಗಿಟ್ಟಳು. ಅಧಿಕಾರಿಗಳು ಸಾಲಾಗಿ, ಹಸು ಕಟ್ಟುವಷ್ಟು ಜಾಗ ಬಿಟ್ಟು ನಿಂತು ಗಂಭೀರವಾಗಿ ನೋಡಿದರು. ಆ ಕೆಂಪು ಗುರುತು ಕ್ಯಾಮೆರಾ ಹೊಂದಿಸಲಿಕ್ಕೋ ಎಂದು ಒಬ್ಬ ಕೇಳಿದ.

ಕುಸುಮ ಹೌದೆಂದಳು. ಆಮೇಲೆ ನನ್ನ ಕಡೆ ತಿರುಗಿ, “ಯಾರು ವಿವರ್ಸ್ತಾರೆ ಬಾವ?” ಎಂದಳು.

ಡ್ರೋನ್ ಎದ್ದಿತು. ಸಿಗ್ನಲ್ ಕೆಡಿಸುವ ಯಂತ್ರ ಚಾಲೂ ಆಯಿತು. ಎಲ್ಲರ ಫೋನುಗಳೂ ಸತ್ತವು; ಅತ್ತೆ ಬಾಯಿ ತೆರೆದಂತೆಯೇ ಪರದೆಯಲ್ಲಿ ನಿಂತುಬಿಟ್ಟರು. ಡ್ರೋನ್ ಪೈನ್ ಕಾಡಿನೊಳಗೆ ನುಗ್ಗಿ ಮರೆಯಾಯಿತು. ಒಂದು ಸುತ್ತು ಹಾಕಿ ಅದೇ ನಿಂಬೆ ಹೋಳುಗಳ ಮೇಲೆ ಬಂದು ಇಳಿಯಬೇಕು. ಅಷ್ಟರಲ್ಲಿ ಮಳೆ, ಅಥವಾ ಸೋನೆ, ಅಥವಾ ಒಳ್ಳೆಯ ಹವೆ, ಶುರುವಾಯಿತು.

ಕಾದೆವು. ಎಸ್ಟೋನಿಯಾದವರ ಮೌನಕ್ಕೂ ಒಳಗೊಳಗೇ ಬಗೆಗಳಿವೆ ಎಂದು ಆಗ ತಿಳಿಯಿತು. ಮೊದಲನೆಯದು ನಂಬಿಕೆಯ ಮೌನ. ಆಮೇಲೆ ಸೌಜನ್ಯದ್ದು. ಆಮೇಲೆ ಎಲ್ಲರೂ ತಮ್ಮ ಬೂಟು ನೋಡಿಕೊಳ್ಳುವಂಥದ್ದು. ಕುಸುಮ ಕಾಡಿನ ಕಡೆ ನೋಡುತ್ತಾ, ಕಟ್ಟೆಯ ಮೇಲೆ ಕಾಯಿ ಒಡೆಯಲು ನಿಂತವಳಂತೆ, ಒಂದು ನಿಂಬೆ ಹೋಳನ್ನು ಹಿಡಿದು ನಿಂತಿದ್ದಳು. ಅದನ್ನು ಅವಳು ಯಾವಾಗ ಎತ್ತಿಕೊಂಡಳೋ ಗೊತ್ತಿಲ್ಲ. ಡ್ರೋನ್ ಬರಲಿಲ್ಲ.

ಕೆಡಿಸುವ ಯಂತ್ರ ನಿಲ್ಲಿಸಿದೊಡನೆ ಮಾರೆಟ್‌ಳ ಫೋನು ಹೊಡೆದುಕೊಂಡಿತು. ಅವಳು ಕೇಳಿಸಿಕೊಂಡು, ಫೋನಿಟ್ಟು ಹೇಳಿದಳು:

“ಕಾಡಿನ ಆಚೆ ಊರಿನ ಒಬ್ಬ ಹೆಂಗಸಿನ ಆಲೂಗಡ್ಡೆ ಹೊಲದಲ್ಲಿ ಒಂದು ಯಂತ್ರ ಕೂತಿದೆಯಂತೆ.”

ಆಲೂಗಡ್ಡೆ ಹೊಲ

ಯಾಕೆ ಅಲ್ಲಿ ಎಂದು ಜೀಪಿನಲ್ಲೇ ಕುಸುಮಳಿಗೆ ಹೊಳೆದಿತ್ತು. ಊರಿನಲ್ಲಿ ಒಮ್ಮೆ ಅವಳ ಡ್ರೋನ್ ದಾರಿ ತಪ್ಪಿ ಕೆರೆಗೆ ಬಿದ್ದಿತ್ತು. ಅಂದಿನಿಂದ ಅವಳು ಕಣ್ಣಿಗೆ ಒಂದು ಬುದ್ಧಿ ಹೇಳಿಕೊಟ್ಟಿದ್ದಾಳೆ: ಏನೂ ತೋಚದಿದ್ದರೆ ಬೆಳೆಯ ಸಾಲು ಹುಡುಕು, ಸಾಲಿನ ನಡುವೆ ಇಳಿದು ಸುಮ್ಮನೆ ಕೂರು. ಅದನ್ನು ಕಲಿಸಿದ್ದು ಅರಕಲಗೂಡಿನ ನಮ್ಮ ದೊಡ್ಡ ಮಾವನವರ ಆಲೂಗಡ್ಡೆ ಹೊಲದಲ್ಲಿ. ಆ ಹೊಲದ ಚಿತ್ರಗಳನ್ನೇ ಅದು ಮತ್ತೆ ಮತ್ತೆ ನೋಡಿ ಬೆಳೆದದ್ದು. ದಿಕ್ಕೆಟ್ಟು ಪರದೇಶದ ಮೇಲೆ ಅಲೆಯುತ್ತಿದ್ದಾಗ ಕೆಳಗೆ ಅರಕಲಗೂಡು ಕಂಡಿತು. ಇಳಿದುಬಿಟ್ಟಿತು.

ದಿಕ್ಕೆಟ್ಟದ್ದು ಯಾಕೆ ಎನ್ನುವುದು ಹತ್ತಿರ ಹೋದಾಗ ಕಂಡಿತು. ಹಣೆಯ ಕುಂಕುಮ ನೀರಿಗೆ ಕರಗಿ ಗಾಜಿನ ಮೇಲೆ ಇಳಿದು ಅಂಟಿಕೊಂಡಿತ್ತು. ಚನ್ನರಾಯಪಟ್ಟಣದಲ್ಲಿ ಮಳೆ ಬರುವಾಗ ಯಾರೂ ಔಷಧಿ ಹೊಡೆಯುವುದಿಲ್ಲ, ಹಾಗಾಗಿ ಯಾವತ್ತೂ ಹೀಗಾಗಿರಲಿಲ್ಲ.

ಹೊಲದ ಒಡತಿ ತಲೆಗೆ ವಸ್ತ್ರ ಕಟ್ಟಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಧಿಕಾರಿಗಳನ್ನು ಬದುವಿನಲ್ಲೇ ತಡೆದಳು, ಸಾಲು ತುಳಿಯಬಾರದು. ಕುಸುಮಳನ್ನು ತಡೆಯಲಿಲ್ಲ, ಏಕೆಂದರೆ ಕುಸುಮ ಸಾಲಿನ ನಡುವೆ ಹೆಜ್ಜೆಯಿಡಬೇಕಾದ ರೀತಿಯಲ್ಲೇ ನಡೆದು ಬಂದಳು. ಡ್ರೋನಿನ ಹತ್ತಿರ ಬಗ್ಗಿದವಳು ಅದನ್ನು ಮುಟ್ಟಲಿಲ್ಲ. ಪಕ್ಕದ ಗಿಡದ ಎಲೆ ಮಗುಚಿ ನೋಡಿದಳು.

“ಬಾವ, ಅಂಗಮಾರಿ.”

ಎಲೆಯ ಅಂಚಿನಲ್ಲಿ ಕಪ್ಪು ಮಚ್ಚೆ, ಅಡಿಯಲ್ಲಿ ಬೂದಿಯಂಥ ಬಿಳುಪು. ಹಾಸನದ ಸುತ್ತಮುತ್ತ ಆಲೂಗಡ್ಡೆ ಬೆಳೆಯುವವರೆಲ್ಲ ಹೆದರುವ ರೋಗ. ಕಥೆ ಬರೆಯುವುದಾಗಿದ್ದರೆ ಆ ಕಣ್ಣೇ ರೋಗ ಪತ್ತೆ ಹಚ್ಚಿ ಅಲ್ಲಿಗೆ ಇಳಿಯಿತು ಎನ್ನುತ್ತಿದ್ದೆ. ಹಾಗೇನೂ ಇಲ್ಲ. ಅದು ಅರೆಗುರುಡಾಗಿತ್ತು, ಸಾಲು ಕಂಡದ್ದೇ ಹೆಚ್ಚು. ನೋಡಿದ್ದು ಕುಸುಮ. ಹೊಲದ ಒಡತಿಗೂ ಮೊದಲೇ ಅನುಮಾನ ಇದ್ದಿರಬೇಕು, ಮುಖ ನೋಡಿದರೆ ಹಾಗನ್ನಿಸಿತು. ಆಮೇಲೆ ಇಬ್ಬರೂ ಸಾಲಿನಿಂದ ಸಾಲಿಗೆ ಎಲೆ ಮಗುಚುತ್ತಾ ಹೊರಟರು. ಇವಳಿಗೆ ಅವಳ ಭಾಷೆ ಬಾರದು, ಅವಳಿಗೆ ಇವಳದು. ಬದುವಿನ ಮೇಲೆ ಒಂದು ದೇಶದ ರಕ್ಷಣಾ ವ್ಯವಸ್ಥೆಯ ಸಾಕಷ್ಟು ಭಾಗ ನೆನೆಯುತ್ತಾ ಕಾಯುತ್ತಿತ್ತು.

ಮೇಜು

ಸೋತೆವೆಂದೇ ನಾವು ಪೆಟ್ಟಿಗೆ ಕಟ್ಟಿದ್ದೆವು. ಹೊರಡುವ ದಿನ ಮಾರೆಟ್ ಕರೆಸಿದಳು. ಮೇಜಿನ ಮೇಲೆ ಕರಾರು, ಪೆನ್ನು. ಕಣ್ಣಿನೊಳಗೆ ದಾಖಲಾಗಿದ್ದ ಚಿತ್ರಗಳನ್ನು ಅವರು ನೋಡಿದ್ದರಂತೆ. ಕೆಂಪು ಇಳಿಯುವವರೆಗೂ ಅದು ಕಾಡಿನೊಳಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕೆಂಪಾದ ಮೇಲೂ ಯಾರ ಮೇಲೂ ಬೀಳದೆ, ಜಾಗ ನೋಡಿ ಇಳಿದಿತ್ತು.

“ನಮಗೆ ಬೇಕು” ಎಂದಳು ಮಾರೆಟ್. “ಇನ್ನೊಂದು. ಆ ಕೆಂಪು ಪುಡಿಯ ಮಾದರಿಯೂ ಬೇಕು. ಅಷ್ಟು ಒಳ್ಳೆಯ ಕಣ್ಣನ್ನು ಚಿಟಿಕೆ ಪುಡಿ ಹೇಗೆ ಮುಚ್ಚಿತು ಎಂದು ನಮ್ಮ ಲ್ಯಾಬಿನವರು ಕೇಳುತ್ತಿದ್ದಾರೆ.”

ನಾನು ನಗು ತಡೆಯಲು ಕಿಟಕಿಯ ಹೊರಗೆ ನೋಡಿದೆ. ಕುಸುಮ ನಗಲಿಲ್ಲ. ಕರಾರಿನ ಆ ಸಾಲಿನ ಮೇಲೆ ಬೆರಳಿಟ್ಟಳು.

“ನಮ್ಮ ತೋಟಗಳಲ್ಲಿ ಹಾರಿಸಲು ಅನುಮತಿ ಸಿಗುತ್ತದಾ?”

“ಕೇಳಬಹುದು. ಕೊಡಬಹುದು.” ಮಾರೆಟ್ ಸುಳ್ಳು ಹೇಳಲು ಬಾರದವಳು. “ಬಹಳ ತಡವಾಗುತ್ತದೆ.”

ಕುಸುಮ ನನ್ನ ಕಡೆ ತಿರುಗಿದಳು. “ಬಾವ, ಹುಳಕ್ಕೆ ನೀವು ಯೋಳ್ತೀರಾ, ಅನುಮತಿ ಬರಗಂಟ ಗರಿ ತಿನ್ಬ್ಯಾಡ ಅಂತ?”

“ನಾನು ಕನ್ನಡ ಮೇಷ್ಟ್ರು ಕಣಮ್ಮ. ಹುಡುಗ್ರೇ ನನ್ ಮಾತು ಕೇಳಲ್ಲ.”

ಪೆನ್ನು ಎತ್ತಿಕೊಂಡಳು. ನಾನು ಅತ್ತೆಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದೆ. ಅವಳು ಸಹಿಯ ಜಾಗ ಬಿಟ್ಟು ಆ ಒಂದು ಸಾಲಿನ ಕೆಳಗೆ ಗೆರೆ ಎಳೆದು, ಕಾಗದವನ್ನು ಮಾರೆಟ್ ಕಡೆ ತಳ್ಳಿದಳು. ಇಷ್ಟನ್ನು ತೆಗೆಯಿರಿ, ನಿಮ್ಮ ಅಜ್ಜಿಯ ಊರಿಗೂ ಕೊಡುತ್ತೇನೆ, ನಮ್ಮ ತೋಟಕ್ಕೂ ಇಟ್ಟುಕೊಳ್ಳುತ್ತೇನೆ ಎಂದಳು. ಮೇಲಿನವರನ್ನು ಕೇಳಬೇಕು ಎಂದಳು ಮಾರೆಟ್. ಕೇಳಿ ಎಂದಳು ಕುಸುಮ.

ಕೊನೆಗೆ ಡಬ್ಬಿ ತೆಗೆದು, ಮಾರೆಟ್‌ಳ ಹಣೆಗೆ ತಾನೇ ಕುಂಕುಮ ಇಟ್ಟಳು. ಮನೆಗೆ ಬಂದ ಹೆಂಗಸನ್ನು ಬರಿಹಣೆಯಲ್ಲಿ ಕಳಿಸುವುದಿಲ್ಲವಲ್ಲ. ಇಲ್ಲಿ ಬಂದವರು ನಾವು ಎನ್ನುವುದನ್ನು ಅವಳು ಮರೆತಿದ್ದಳು.

“ಇದೇ ಮಾದರಿ. ಲ್ಯಾಬಿನವರಿಗೆ ತೋರಿಸಿ.”

ಮಾರೆಟ್ ಹಣೆ ಮುಟ್ಟಿಕೊಳ್ಳಲು ಹೋಗಿ ಕೈ ತಡೆದಳು. “ಎಚ್ಚರಿಕೆ ಏನಾದರೂ?”

“ಮಳೆಗೆ ನಿಲ್ಲಬೇಡಿ.”

ಚನ್ನರಾಯಪಟ್ಟಣ

ಈ ಭಾಗವನ್ನು ಓದಿ ಕುಸುಮ, ತಾನು ಅಷ್ಟು ಧೈರ್ಯವಾಗಿ ಮಾತಾಡಲಿಲ್ಲ, ಗೆರೆ ಸೊಟ್ಟಗಾಗಿತ್ತು ಎನ್ನುತ್ತಾಳೆ. ಇರಬಹುದು. ನಾನು ನೆನಪಿನಲ್ಲಿ ಸ್ಕೇಲು ಇಟ್ಟು ಎಳೆದುಬಿಟ್ಟಿದ್ದೇನೆ.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಹುಳು ಬಂತು. ಮಾವನವರ ತೋಟದಲ್ಲಿ ಎಲ್ಲರೂ ಸೇರಿದೆವು. ಕುಸುಮ ಈ ಸಲ ಕುಂಕುಮವನ್ನು ಪೆಟ್ಟಿಗೆಯ ಬೆನ್ನಿಗಿಟ್ಟಳು.

“ಬೆನ್ನಿಗ್ಯಾಕೆ ಇಡ್ತೀಯ?” ಅತ್ತೆ ಗದರಿದರು.

“ದ್ಯಾವ್ರು ಹಿಂದ್ಗಡೆಯಿಂದ ನೋಡ್ಕಳ್ಳಿ ಬುಡವ್ವ.”

ಕಣ್ಣು ಗರಿಗಳ ಕೆಳಗೆ ನುಗ್ಗಿ ಮರೆಯಾಯಿತು. ಕಾಯುವಾಗ ನನ್ನ ಫೋನಿಗೆ ಮಾರೆಟ್‌ಳ ಸಂದೇಶ ಬಂತು. ಹಣೆಯಿಂದ ತೆಗೆದುಕೊಂಡ ಪುಡಿಯ ಪರೀಕ್ಷೆ ಮುಗಿದು ವರದಿ ಬಂದಿದೆ: ಅರಿಶಿನ ಮತ್ತು ಸುಣ್ಣ. ಓದಿ ಹೇಳಿದೆ.

“ಇಷ್ಟುಕ್ಕೆ ಮಿಲಿಟ್ರಿ ಬೇಕಾಗಿತ್ತಾ? ನನ್ನ ಕೇಳಿದ್ರೆ ಯೋಳ್ತಿದ್ದೆ” ಎಂದರು ಅತ್ತೆ.

“ಬಾವ, ಆ ಒಂದು ಸಾಲು ತೆಗುದ್ರಾ ಅಂತ ಕೇಳಿ.”

ಕೇಳಿದೆ. ಅಷ್ಟರಲ್ಲಿ ಗುಂಯ್ ಎಂಬ ಸದ್ದು ತೋಟದ ಒಳಗಿನಿಂದ ಹತ್ತಿರವಾಯಿತು. ಕಣ್ಣು ಬದು ದಾಟಿ, ಮಾವನವರ ಮೋಟಾರುಮನೆ ದಾಟಿ, ಹೊರಟ ಜಾಗಕ್ಕೇ ಬಂದು ಇಳಿಯಿತು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಆ ಗದ್ದಲದ ನಡುವೆ ಮಾರೆಟ್‌ಳ ಉತ್ತರ ಬಂತು. ಎಂದಿನಂತೆ ಚಿಕ್ಕದು: ಇನ್ನೂ ಇಲ್ಲ. ಅಜ್ಜಿಯೂ ಅದನ್ನೇ ಕೇಳುತ್ತಿರುತ್ತಾಳೆ.

ಕುಸುಮ ನನ್ನ ಕೈಯಿಂದ ಫೋನು ತೆಗೆದುಕೊಂಡು ಅದನ್ನು ಎರಡು ಸಲ ಓದಿದಳು. 

“ಆ ಅಜ್ಜಿಗೆ ನಾಕು ಕೊಬ್ಬರಿನಾದ್ರೂ ಕಳ್ಸಣ ಅಂದ್ರೆ, ಅದ್ನೂ ಬುಡಾಕಿಲ್ವಲ್ಲ ಬಾವ.”